ಎಂಬತ್ತೆರಡರ ಜೀಪು, ಮುಂದಿನ ಸೀಟು

ಆಗಸ್ಟ್ 11, ಸೋಮವಾರ

ಇವತ್ತೂ ಹೊನ್ನಾಳಿಗೆ ಹೋಗಿ ನೋಡಿಕೊಂಡು ಬಂದೆ. ಬೆಳಗಿನ ಬಸ್ಸಿಗೆ ಹೋಗುವುದು, ಮಧ್ಯಾಹ್ನದ ಬಸ್ಸಿಗೆ ಚನ್ನಗಿರಿಗೆ ವಾಪಸ್. ಇದೇ ಒಂದು ಡ್ಯೂಟಿ ಆಗಿಬಿಟ್ಟಿದೆ. ಸಿದ್ದಲಿಂಗಮ್ಮನಿಗೆ ಹೇಳಿದ್ದು ಗೊಬ್ಬರದ ಅಂಗಡಿಗೆ ಅಂತ. ಚನ್ನಗಿರಿಯಲ್ಲಿ ಸಿಗದ ಗೊಬ್ಬರ ಹೊನ್ನಾಳಿಯಲ್ಲಿ ಯಾವುದಿದೆ ಅಂತ ಅವಳು ಕೇಳಲಿಲ್ಲ. ಅದೇ ಹೆದರಿಕೆ. ಹೆಂಡತಿ ಸುಮ್ಮನಿದ್ದಾಳೆ ಅಂದರೆ ವಿಷಯ ಗೊತ್ತಾಗಿದೆ ಅಂತಲೇ ಅರ್ಥ.

ಜೀಪು ಮಾಲತೇಶನ ರೈಸ್ ಮಿಲ್ಲಿನ ಹಿಂದೆ ಟಾರ್ಪಾಲು ಹೊದ್ದುಕೊಂಡು ನಿಂತಿದೆ. ಎಂಬತ್ತೆರಡರ ಮಾಡೆಲ್. ಡೀಸೆಲ್. ಫೋರ್ ವ್ಹೀಲ್. ಅವರಪ್ಪ ಕಬ್ಬಿನ ಗದ್ದೆಗೆ ಓಡಿಸುತ್ತಿದ್ದರಂತೆ. ಬಣ್ಣ ಇಂಥದ್ದು ಅಂತ ಹೇಳುವುದು ಕಷ್ಟ — ಒಂದು ಕಡೆ ಹಸಿರು, ಒಂದು ಕಡೆ ತುಕ್ಕು. ಹುಡ್ ಹರಿದಿದೆ. ಹಿಂದಿನ ಬೆಂಚಿನ ಕೆಳಗೆ ಬೆಕ್ಕು ಮರಿ ಹಾಕಿದೆ. ಮಾಲತೇಶ ಹೀಟರ್ ಒತ್ತಿ, ಕಾದು, ಸೆಲ್ಫ್ ಹೊಡೆದ. ಎರಡು ಸಲ ಕೆಮ್ಮಿ ಆಮೇಲೆ ಹತ್ತಿಕೊಂಡಿತು. ಆ ಸೌಂಡು! ನಮ್ಮ ಹಳೇ ಬಸ್ಸಿನದೇ. ನನಗೆ ಮೈಯೆಲ್ಲ ಜುಮ್ಮೆಂದಿತು. ಬೆಕ್ಕು ಎದ್ದೂ ನೋಡಲಿಲ್ಲ.

ಮರುಳಸಿದ್ದಪ್ಪನೋರೇ, ಡ್ರೈವಿಂಗ್ ಎಷ್ಟು ವರ್ಷ ಮಾಡಿದ್ದೀರಿ ಅಂತ ಮಾಲತೇಶ ಕೇಳಿದ. ಲೈನ್ ಮೇಲೆ ಮೂವತ್ತೊಂದು ವರ್ಷ ಅಂದೆ. ಸುಳ್ಳಲ್ಲವಲ್ಲ. ಆ ಅಷ್ಟೂ ವರ್ಷ ಕೈಯಲ್ಲಿ ಇದ್ದದ್ದು ಟಿಕೆಟ್ ಬುಕ್ಕು ಮತ್ತು ವಿಶಲ್, ಸ್ಟೀರಿಂಗ್ ಅಲ್ಲ — ಇದನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೊಸ ಕಾರು ತಗೊಂಡರೆ ಬೇಡ ಅನ್ನುವವರು ಯಾರೂ ಇಲ್ಲ. ಈ ಸಲ ಅಡಿಕೆ ಕೈ ಹಿಡಿದಿದೆ. ಆದರೆ ಹೊಸ ಕಾರಿನಲ್ಲಿ ಕೂತರೆ ಫ್ರಿಜ್ಜಿನೊಳಗೆ ಕೂತ ಹಾಗಿರುತ್ತದೆ. ನನಗೆ ಗಾಳಿ ಬೇಕು, ಸದ್ದು ಬೇಕು.


ಆಗಸ್ಟ್ 14, ಗುರುವಾರ

ಸಿಕ್ಕಿಬಿದ್ದೆ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗುರುತಿಲ್ಲದ ನಾಯಿ ಕೂಡ ಇಲ್ಲ. ಯಾರೋ ಪುಣ್ಯಾತ್ಮರು ಮನೆತನಕ ಬಂದು ಹೇಳಿ, ಚಹಾನೂ ಕುಡಿದು ಹೋಗಿದ್ದಾರೆ.

ಜಗಳ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ರೊಟ್ಟಿ ತಟ್ಟುತ್ತಲೇ ಅಂದಳು — ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಒಂದು ವರ್ಷ ಮೊದಲೇ ಬಂತು. ಅಷ್ಟೇ. ಊಟ ಮುಗಿದ ಮೇಲೆ ಎದುರಿಗೆ ಬಂದು ಕೂತಳು.

"ತಗೊಳ್ರಿ. ನಾನು ಬ್ಯಾಡ ಅನ್ನಾದಿಲ್ಲ. ಆದ್ರೆ ಮುಂದಿನ ಸೀಟು ನಂದು. ದೇವರೇ ಬಂದು ಕೈ ಎತ್ತಿದ್ರೂ ನಾನು ಅಲ್ಲಿಂದ ಏಳಾಂಗಿಲ್ಲ."

ಇದಕ್ಕೆ ಹಿಂದಿನ ಕಥೆ ಇದೆ. ನನ್ನ ಬಸ್ಸಿನಲ್ಲಿ ಒಂದು ರೂಲ್ಸು ಇತ್ತು. ಟಿಕೆಟ್ ತಗೊಂಡವರಿಗೆ ಸೀಟು. ಕಂಡಕ್ಟರನ ಮನೆಯವರಿಗೆ ಟಿಕೆಟ್ ಇಲ್ಲ, ಹಾಗಾಗಿ ಸೀಟೂ ಇಲ್ಲ. ಬಸ್ಸು ತುಂಬಿತೋ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಅಂತ ಮೊದಲು ಎಬ್ಬಿಸುವುದು ಇವಳನ್ನೇ. ಡ್ರೈವರ್ ಪಕ್ಕ ಇಂಜಿನ್ ಬಾನೆಟ್ ಮೇಲೆ ಕೂರಿಸುತ್ತಿದ್ದೆ. ಅದು ಕಾದ ಹೆಂಚು. ಬಾನೆಟ್ ಮೇಲೆ ಕೂತು ಕೂತು ಅರ್ಧ ಬೆಂದಿದ್ದೀನಿ ಅನ್ನುತ್ತಾಳೆ. ನನ್ನನ್ನು ಕೇಳಿದರೆ ಅದು ಡ್ಯೂಟಿ. ಈಗಲೂ ತಪ್ಪು ಅನ್ನಿಸುವುದಿಲ್ಲ.

ಇನ್ನೊಂದು ಷರತ್ತು. ಅಕ್ಟೋಬರಿನಲ್ಲಿ ಅವಳ ಅಕ್ಕ ಅಜ್ಜಮ್ಮನ ಮೊಮ್ಮಗಳ ತೊಟ್ಟಿಲು ಕಾರ್ಯ. ಜಗಳೂರು ಆಚೆ ಅವರ ಊರು, ಇವಳ ತವರೂ ಅದೇ. ಬಸ್ಸು ಕ್ರಾಸ್ ತನಕ ಹೋಗಿ ತಿರುಗಿಕೊಳ್ಳುತ್ತದೆ. ಅಲ್ಲಿಂದ ಹಳ್ಳ ದಾಟಿ ನಡೆಯಬೇಕು. ಮದುವೆಯಾದಾಗಿನಿಂದ ಇವಳು ತವರಿಗೆ ಹೋದದ್ದೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಬ್ಯಾಗು ತಲೆ ಮೇಲೆ ಹೊತ್ತು. ಈ ಸಲ ಅಕ್ಕನ ಮನೆ ಬಾಗಿಲಲ್ಲೇ ಇಳಿಯಬೇಕಂತೆ. ಮುಂದಿನ ಸೀಟಿಂದ.

ಆಯಿತು ಅಂದೆ. ಇದೇನು ಮಹಾ.


ಆಗಸ್ಟ್ 18, ಸೋಮವಾರ

ಬಂತು!! ಮನೆ ಮುಂದೆ ನಿಂತಿದೆ. ರೇಟು ಇಲ್ಲಿ ಬರೆಯುವುದಿಲ್ಲ, ಬರೆದರೆ ಹೊಟ್ಟೆ ಉರಿಯುತ್ತದೆ.

ಓಡಿಸಿಕೊಂಡು ಬಂದದ್ದು ನಾಗೇಂದ್ರಪ್ಪ. ನನ್ನ ಬಸ್ಸಿನ ಡ್ರೈವರ್. ಸವಳಂಗದವನು, ರಿಟೈರಾಗಿ ಜೋಳ ಬೆಳೆಯುತ್ತಾನೆ. ಫೋನ್ ಮಾಡಿದ ತಕ್ಷಣ ನ್ಯಾಮತಿ ಮೇಲೆ ಹೊನ್ನಾಳಿಗೆ ಬಂದ. ಜೀಪಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಕೆಳಗಿನ ಸ್ಪ್ರಿಂಗ್ ಪಾಟಾ ನೋಡಿದ, ಸ್ಟೀರಿಂಗ್ ಅಲ್ಲಾಡಿಸಿ ನೋಡಿದ. "ಮುದುಕಿ ಐತೆ, ಆದ್ರೆ ಗಟ್ಟಿ ಐತೆ" ಅಂದ. ಅವನು ಅಷ್ಟು ಮಾತಾಡುವುದೇ ಹೆಚ್ಚು. ದಾರಿಯುದ್ದಕ್ಕೂ ನಾನು ಪಕ್ಕದಲ್ಲಿ ಕೂತು ಎಡಗಡೆ ನೋಡಿ "ಬರ್ಲಿ ಬರ್ಲಿ, ರೈಟ್ ರೈಟ್" ಅನ್ನುತ್ತಲೇ ಇದ್ದೆ. ಬಾಯಿ ಚಾಳಿ.

ಬೆಕ್ಕು ಮಾಲತೇಶನ ಮಿಲ್ಲಿನಲ್ಲೇ ಉಳಿಯಿತು. ಒಂದು ಮರಿ ಮಾತ್ರ ಬೆಂಚಿನ ಕೆಳಗಿಂದ ಇಲ್ಲಿ ಇಳಿಯಿತು. ಸಿದ್ದಲಿಂಗಮ್ಮ ಹಾಲು ಹಾಕಿದ್ದಾಳೆ. ಜೀಪಿಗೆ ಇನ್ನೂ ಏನೂ ಅಂದಿಲ್ಲ.


ಆಗಸ್ಟ್ 22, ಶುಕ್ರವಾರ

ಓಣಿಯವರೆಲ್ಲ ಬಂದು ನೋಡಿ ಹೋದರು. ಪ್ರತಿಯೊಬ್ಬರೂ ಟೈರಿಗೆ ಒಂದು ಒದೆ. ಯಾಕೆ ಒದೀತಾರೋ ಗೊತ್ತಿಲ್ಲ. ಸಂಬಂಧ ನೋಡಲು ಬಂದವರು ಹುಡುಗಿಯನ್ನು ಒದೆಯುತ್ತಾರೆಯೇ?

ವೆಂಕಟೇಶನ ಗ್ಯಾರೇಜಿಗೆ ಬಿಟ್ಟೆ. ಬ್ರೇಕು, ಹುಡ್ಡು, ವೈರಿಂಗು. ಮುಂದಿನ ಎಡಗಡೆ ಸೀಟಿನಲ್ಲಿ ಸ್ಪ್ರಿಂಗು ಹೊರಗೆ ಬಂದಿತ್ತು. ಕುಷನ್ ಹೊಸದು ಮಾಡಿಸಲು ಇವಳನ್ನೇ ಕರೆದುಕೊಂಡು ಹೋದೆ. ರೆಕ್ಸಿನ್ ತಾನೇ ಆರಿಸಿದಳು — ಕುಂಕುಮದ ಕೆಂಪು. ಮೂರು ಅಂಗಡಿ ಸುತ್ತಿದ ಮೇಲೆ. ಸೀರೆಗೂ ಇಷ್ಟು ಸುತ್ತಿದವಳಲ್ಲ. ಡ್ರೈವರ್ ಸೀಟಿಗೆ ಅಂಥದ್ದೇ ಹಾಕಿಸೋಣ ಅಂದೆ. ನಿಮಗೆ ಹಳೇದೇ ಸಾಕು ಅಂದಳು.


ಆಗಸ್ಟ್ 25, ಸೋಮವಾರ

ದಾವಣಗೆರೆ ಆರ್‌ಟಿಒ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿತು. ಕಂಪ್ಯೂಟರ್ ಮುಂದೆ ಕೂರಿಸಿ ಪ್ರಶ್ನೆ ಕೇಳಿದರು. ಪಕ್ಕದ ಕುರ್ಚಿಯವನು ಮೀಸೆ ಬರದ ಹುಡುಗ. ತಾತ, ಟ್ರ್ಯಾಕ್ಟರಿಗಾ ಅಂತ ಕೇಳಿದ. ನಾನು ಪಾಸು, ಅವನು ಫೇಲು. ಹೊರಗೆ ಬಂದು ಅವನಿಗೆ ಮಿರ್ಚಿ ಕೊಡಿಸಿದೆ. ಪಾಪ.


ಸೆಪ್ಟೆಂಬರ್ 3, ಬುಧವಾರ

ನಾಗೇಂದ್ರಪ್ಪ ದಿನ ಬಿಟ್ಟು ದಿನ ಬರುತ್ತಾನೆ. ತೋಟದ ಪಕ್ಕದ ಬಯಲಲ್ಲಿ ಕಲಿಕೆ.

ಹೇಳಿಕೊಳ್ಳಲು ನಾಚಿಕೆ. ಇಷ್ಟು ವರ್ಷ ಡ್ರೈವರುಗಳಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು — ಗೇರ್ ಇಳಿಸು, ಬ್ರೇಕ್ ಮೆಲ್ಲಗೆ ಹಿಡಿ, ಯಾಕೆ ಹಂಗೆ ಎತ್ತಿ ಹಾಕ್ತೀಯ. ಈಗ ಗೊತ್ತಾಯಿತು. ಕಾಲು ಇರುವುದು ಎರಡು, ಕೆಳಗೆ ಪೆಡಲು ಮೂರು, ಮೇಲೆ ಗೇರ್ ಕಡ್ಡಿ ಮೂರು. ದೊಡ್ಡದು ಗೇರು, ಸಣ್ಣವೆರಡು ಫೋರ್ ವ್ಹೀಲಿಗೆ. ಕ್ಲಚ್ ಬಿಟ್ಟರೆ ಜೀಪು ಕುಪ್ಪಳಿಸಿ ಆಫ್. ಮತ್ತೆ ಹೀಟರು, ಮತ್ತೆ ಸೆಲ್ಫು. ಕ್ಲಚ್ ಸರಿಯಿಲ್ಲ ಅಂದೆ. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಸಿದ್ದಲಿಂಗಮ್ಮ ಅಲ್ಲಿಂದಲೇ ಅಂದಳು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.


ಸೆಪ್ಟೆಂಬರ್ 11, ಗುರುವಾರ

ಒಂದು ವಿಚಿತ್ರ. ಎಲ್ಲ ಸರಿ ಮಾಡುತ್ತೇನೆ, ಗೇರ್ ಹಾಕುತ್ತೇನೆ, ಆದರೆ ಕ್ಲಚ್ ಮೇಲಿಂದ ಕಾಲು ಏಳುವುದಿಲ್ಲ. ಕಾಯುತ್ತಾ ಕೂತಿರುತ್ತೇನೆ. ಏನಕ್ಕೆ ಅಂತ ನನಗೇ ತಿಳಿಯಲಿಲ್ಲ. ಆಮೇಲೆ ಹೊಳೆಯಿತು — ಯಾರಾದರೂ "ರೈಟ್" ಅನ್ನಲಿ ಅಂತ!

ಬಸ್ಸಿನಲ್ಲಿ ಒಂದು ವಿಶಲ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ವಿಶಲ್ ಇಲ್ಲದಿದ್ದರೆ ಬಾಯಲ್ಲಿ — ಹೋಲ್ಡಾನ್, ರೈಟ್. ಅದಿಲ್ಲದೆ ಗಾಡಿ ಹೊರಟರೆ ಯಾರೋ ಫುಟ್‌ಬೋರ್ಡಿನಲ್ಲಿ ಒಂದು ಕಾಲು ಇಟ್ಟಿರುತ್ತಾರೆ ಅನ್ನುವ ಭಯ ನನ್ನ ರಕ್ತದಲ್ಲೇ ಇದೆ. ನಾಗೇಂದ್ರಪ್ಪನಿಗೆ, ನೀನಾದರೂ ಒಂದು ಸಲ ರೈಟ್ ಅನ್ನು ಮಾರಾಯ ಅಂದೆ. ಅವನು ತಲೆ ಅಲ್ಲಾಡಿಸಿದ.

"ಅದು ನನ್ ಬಾಯಾಗೆ ಬರಾದಿಲ್ಲ ಕಂಡಕ್ಟ್ರೇ. ಅದು ನಿಮ್ ಮಾತು."

ಈಗ ನಾನೇ ಅಂದುಕೊಂಡು ನಾನೇ ಹೊರಡುತ್ತೇನೆ. ಹುಚ್ಚನ ಹಾಗೆ.


ಅಕ್ಟೋಬರ್ 1, ಬುಧವಾರ. ಆಯುಧ ಪೂಜೆ

ಜೀಪಿಗೆ ಈಗ ಬಣ್ಣ ಬಂದಿದೆ. ಪೂರ್ತಿ ಹಸಿರು. ಮುಂದೆ ಚೆಂಡು ಹೂವಿನ ಹಾರ, ಬಾಳೆಕಂಬ, ಬಾನೆಟ್ ಮೇಲೆ ವಿಭೂತಿ ಪಟ್ಟೆ. ನನ್ನ ಹಳೇ ವಿಶಲನ್ನು ಗೋಡೆಯ ಮೊಳೆಯಿಂದ ತೆಗೆದು ತೊಳೆದು ಅದಕ್ಕೂ ಕುಂಕುಮ ಇಟ್ಟೆ. ಅದೂ ಆಯುಧವೇ ಅಲ್ಲವೇ.

ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಓಣಿಯೆಲ್ಲ ನೋಡುತ್ತಿರುವಾಗ, ನಾನೇ ಹತ್ತಿದೆ. ರೈಟ್ ಅಂದುಕೊಂಡೆ. ಆಫ್. ಮತ್ತೆ ಆಫ್. ಮೂರನೇ ಸಲಕ್ಕೆ ಮುಂದೆ ಹೋಗುವ ಬದಲು ಹಿಂದೆ ಹೋಯಿತು. ಬಾಳೆಕಂಬ ಒಂದು ಕಡೆ, ನಾನು ಒಂದು ಕಡೆ. ಒಂದೇ ಒಂದು ನಿಂಬೆಹಣ್ಣು ಒಡೆಯಿತು, ಮೂರು ಹಾಗೇ ಉರುಳಿಕೊಂಡು ಚರಂಡಿ ಕಡೆ ಹೋದವು. ಸಿದ್ದಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ಎಷ್ಟು ದಿನ ಆಗಿತ್ತು ಅವಳು ಹಾಗೆ ನಕ್ಕು. ನನಗೂ ನಗು ಬಂತು.

ಸಂಜೆ ಅವಳು ಒಬ್ಬಳೇ ಹೋಗಿ ಆ ಕೆಂಪು ಸೀಟಿನಲ್ಲಿ ಕೂತಿದ್ದನ್ನು ಕಿಟಕಿಯಿಂದ ನೋಡಿದೆ. ಬೆಕ್ಕಿನ ಮರಿ ತೊಡೆ ಮೇಲೆ.


ಅಕ್ಟೋಬರ್ 9, ಗುರುವಾರ

ಲೈಸೆನ್ಸ್ ಪಾಸ್. ಎಂಟು ಹಾಕಿ ತೋರಿಸಿದೆ, ರಿವರ್ಸೂ ಆಯಿತು. ಇನ್‌ಸ್ಪೆಕ್ಟರ್ ಒಂದೇ ಪ್ರಶ್ನೆ ಕೇಳಿದರು — ಹೊರಡುವ ಮುಂಚೆ ನಿಮ್ಮಷ್ಟಕ್ಕೆ ಏನು ಗೊಣಗುತ್ತೀರಿ? ಮಂತ್ರ ಸಾರ್ ಅಂದೆ.

ಭಾನುವಾರ ತೊಟ್ಟಿಲು ಕಾರ್ಯ. ಮಗುವಿಗೆ ಬೆಳ್ಳಿ ಉಡಿದಾರ ತಂದಾಗಿದೆ. ಇವಳು ಹೊಸ ಸೀರೆಗೆ ಫಾಲ್ ಹೊಲಿಯುತ್ತಿದ್ದಾಳೆ, ಬಾಯಲ್ಲಿ ಏನೋ ಹಾಡು.


ಅಕ್ಟೋಬರ್ 12, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಟೆವು. ಅವಳು ಮುಂದೆ. ಹುಡ್ ಬಿಚ್ಚಿ ಹಾಕಿದ್ದೆ. ಗಾಳಿಗೆ ಸೆರಗು ಹಿಡಿದುಕೊಂಡು ಎಲ್ಲ ನೋಡುತ್ತಾ ಬರುತ್ತಿದ್ದಳು. ಬಾನೆಟ್ ಮೇಲೆ ಕೂತರೆ ತೋಟಗಳ ನೆತ್ತಿ ಕಾಣುತ್ತಲೇ ಇರಲಿಲ್ಲ ಅಂದಳು. ಅಷ್ಟು ಖುಷಿ ಇತ್ತು ಕಣಯ್ಯಾ ಮರುಳಸಿದ್ದಪ್ಪ, ಅಷ್ಟು ಖುಷಿ ಇತ್ತು.

ಊರು ದಾಟಿ ಸ್ವಲ್ಪ ದೂರಕ್ಕೆ ಒಬ್ಬ ಕೈ ಎತ್ತಿದ. ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ, ಬ್ರೇಕಿನ ಮೇಲೆ ಹೋಗಿ ಕೂತಿತು. ಕೈ ಎತ್ತಿದವನನ್ನು ಬಿಟ್ಟು ಹೋಗಬಾರದು, ಅವನೇ ಅನ್ನದಾತ — ನಮ್ಮ ಬಸ್ಸಿನ ಮಾಲೀಕರು ಮೊದಲ ದಿನ ಕಲಿಸಿದ ಪಾಠ ಅದು. ಹತ್ತಿಸಿಕೊಂಡೆ. ಆಮೇಲೆ ಇಬ್ಬರು ಹೆಂಗಸರು. ಆಮೇಲೆ ಹಳೇ ಪ್ಯಾಸೆಂಜರ್ ಒಬ್ಬರು, ಗುರುತು ಹಿಡಿದು, ಓಹೋ ಮರುಳಣ್ಣ ಅಂತ ತಾವಾಗಿಯೇ ಹತ್ತಿದರು. ಯಾರ ಹತ್ತಿರವೂ ದುಡ್ಡು ತಗೊಳ್ಳಲಿಲ್ಲ. ಆದರೂ ಹಿಂದೆ ತಿರುಗಿ ಮೂರು ಮೂರು ಜನ ಕೂತ್ಕೊಳ್ಳಿ, ಕಾಲು ಒಳಗೆ ತಗೊಳ್ಳಿ ಅಂತ ಹೇಳುತ್ತಾ... ನಿಜ ಬರೆಯಬೇಕೆಂದರೆ ನನಗೆ ಹಬ್ಬವೇ ಆಗಿತ್ತು. ಇವಳು ಮಾತು ನಿಲ್ಲಿಸಿದ್ದನ್ನು ಗಮನಿಸಲಿಲ್ಲ.

ಸಂತೇಬೆನ್ನೂರು ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಒಬ್ಬ ಮುದುಕ. ಮೆಣಸಿನಕಾಯಿ ಚೀಲ, ಕೈಯಲ್ಲಿ ಕೋಲು. ಹಿಂದಿನ ಹಲಗೆ ಹತ್ತಲು ಮಂಡಿ ಬಗ್ಗುವುದಿಲ್ಲ. ಇವಳ ಕಡೆ ತಿರುಗಿದೆ. ಬಾಯಿ ತಾನಾಗೇ ಅಂದುಬಿಟ್ಟಿತು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

ಇಳಿದಳು, ಹೊಸ ಸೀರೆ ಎತ್ತಿಕೊಂಡು ಹಿಂದೆ ಹತ್ತಿ ಕೂತಳು. ಕೆಂಪು ಸೀಟಿನಲ್ಲಿ ಮುದುಕ, ಅವನ ತೊಡೆ ಮೇಲೆ ಮೆಣಸಿನಕಾಯಿ.

ಸಂತೇಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಅವಳೂ ಇಳಿದಳು. ಮುಂದೆ ಬಂದು ಕೂರುತ್ತಾಳೆ ಅಂದುಕೊಂಡು ಸೀಟು ಒರೆಸುತ್ತಿದ್ದೆ. ನೋಡಿದರೆ ರಸ್ತೆ ದಾಟಿ ದಾವಣಗೆರೆ ಬಸ್ಸು ಹತ್ತುತ್ತಿದ್ದಾಳೆ! ಓಡಿಹೋದೆ. ಕಿಟಕಿ ಪಕ್ಕ ಕೂತಿದ್ದಳು. ಟಿಕೆಟ್ ಎತ್ತಿ ತೋರಿಸಿದಳು.

"ಟಿಕೆಟ್ ತಗೊಂಡೀನಿ. ಈ ಸೀಟಿಂದ ನನ್ನ ಯಾರೂ ಎಬ್ಬಿಸಾಂಗಿಲ್ಲ."

ಕಂಡಕ್ಟರ್ ರೈಟ್ ಅಂದ. ಹೋಯಿತು.

ದಾವಣಗೆರೆ ತನಕ ಆ ಬಸ್ಸಿನ ಹಿಂದೆಯೇ ಹೋದೆ, ಅದರ ಧೂಳು ತಿನ್ನುತ್ತಾ. ಅಲ್ಲಿ ಅವಳು ಜಗಳೂರು ಬಸ್ಸು ಹತ್ತಿದಳು. ಬಾ ಅಂದೆ, ತಪ್ಪಾಯಿತು ಅಂದೆ. ಮನೆಗೆ ಹೋಗಿ, ಪ್ಯಾಸೆಂಜರ್ ಕಾಯುತ್ತಿರುತ್ತಾರೆ ಅಂದಳು. ತಿರುಗಿಸಿಕೊಂಡು ಬಂದೆ. ಮನೆ ಹತ್ತಿರ ಬರುವಷ್ಟರಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಓಣಿ ತನಕ ತಳ್ಳಿಸಿಕೊಂಡು ಬಂತು.

ಬೆಳ್ಳಿ ಉಡಿದಾರ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಉಳಿದಿದೆ. ಅಕ್ಕನ ಮನೆಗೆ ಬರಿಗೈಯಲ್ಲಿ ಹೋಗಿದ್ದಾಳೆ, ಹಳ್ಳ ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಹೊಸ ಸೀರೆಯಲ್ಲಿ.


ಅಕ್ಟೋಬರ್ 13, ಸೋಮವಾರ

ಅನ್ನ ಸೀದುಹೋಯಿತು. ಬೆಕ್ಕಿನ ಮರಿ ಕೂಡ ತಿನ್ನಲಿಲ್ಲ.


ಅಕ್ಟೋಬರ್ 16, ಗುರುವಾರ

ಫೋನ್ ಮಾಡಿದ್ದೆ. ಕಾರ್ಯ ಚೆನ್ನಾಗಿ ಆಯಿತಂತೆ. ಉಡಿದಾರ ಯಾವುದಾದರೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿ ಅಂದಳು. ನಮ್ಮ ಕಡೆ ಅದೇ ಪದ್ಧತಿ, ಔಷಧಿಯಿಂದ ಕನ್ನಡಕದ ತನಕ ಎಲ್ಲ ಬಸ್ಸಿಗೇ ಕೊಡುವುದು. ನಾನೇ ಎಷ್ಟೋ ಮನೆಗೆ ಮುಟ್ಟಿಸಿದ್ದೇನೆ. ಕಳಿಸುವುದಿಲ್ಲ ಅಂದೆ. ನಾನೇ ತರುತ್ತೇನೆ ಅಂದೆ.

ಸೋಮವಾರ ನೀರು ತುಂಬುವ ಹಬ್ಬ, ದೀಪಾವಳಿಗೆ ಹಂಡೆ ತೊಳೆದು ನೀರು ತುಂಬುವವರು ಯಾರು ಅಂತ ಕೇಳಿದೆ. ನಿಮ್ಮ ಜೀಪಿಗೆ ಅಷ್ಟು ಜನ ಹತ್ತುತ್ತಾರಲ್ಲ, ಅವರಲ್ಲಿ ಯಾರಾದರೂ ತುಂಬುತ್ತಾರೆ ಅಂದಳು. ಫೋನ್ ಇಟ್ಟಳು.

ಅವಳಿಲ್ಲದ ಹಬ್ಬ ನನಗೆ ಬೇಡ.


ಅಕ್ಟೋಬರ್ 18, ಶನಿವಾರ

ವೆಂಕಟೇಶ ಕ್ಲಚ್ ಪ್ಲೇಟ್ ಹಾಕಿ ಕೊಟ್ಟ. ನಾಗೇಂದ್ರಪ್ಪ ಬಂದಿದ್ದ, ಅವನ ಹತ್ತಿರ ಎಲ್ಲ ಹೇಳಿಕೊಂಡೆ. ಜೀಪು ಮಾರಿಬಿಡೋಣ ಅನ್ನಿಸಿದೆ, ಯಾರಾದರೂ ಕೈ ಎತ್ತಿದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ ಅಂದೆ. ಅವನು ಬೀಡಿ ಹಚ್ಚಿದ.

"ನೀವು ಇನ್ನೂ ರಸ್ತೆ ಪಕ್ಕ ನೋಡಿಕೆಂತ ಓಡಿಸ್ತೀರಿ ಕಂಡಕ್ಟ್ರೇ. ರಸ್ತೆ ನೋಡ್ರಿ. ಹತ್ತಿಸಾದು, ಬಿಡಾದು ಡ್ರೈವರ್ ಕೆಲಸ ಅಲ್ಲ."

ಅಷ್ಟು ಹೇಳಿ ನನ್ನನ್ನು ಸ್ಟೀರಿಂಗ್ ಮುಂದೆ ಕೂರಿಸಿ ಹೊರಗೆ ಕರೆದುಕೊಂಡು ಹೋದ. ಪ್ರಾಕ್ಟೀಸು! ಒಬ್ಬ ಕೈ ಎತ್ತಿದ — ಬಿಟ್ಟೆ. ಇನ್ನೊಬ್ಬ — ಬಿಟ್ಟೆ. ಹಿಂದಿನಿಂದ ಯಾರೋ, ಅಹಂಕಾರ ನೋಡು ಮುದುಕನಿಗೆ ಅಂದದ್ದು ಕೇಳಿಸಿತು. ಬೈಸಿಕೊಂಡೆ.


ಅಕ್ಟೋಬರ್ 19, ಭಾನುವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಒಬ್ಬನೇ ಹೊರಟೆ. ಸಂತೇಬೆನ್ನೂರು, ದಾವಣಗೆರೆ, ಬಿಳಿಚೋಡು, ಜಗಳೂರು. ಎಲ್ಲೂ ನಿಲ್ಲಿಸಲಿಲ್ಲ. ಕ್ರಾಸಿನಲ್ಲಿ ಬಸ್ಸು ತಿರುಗುವ ಜಾಗ ಬಂತು. ಅಲ್ಲಿಂದ ಮುಂದೆ ಮಣ್ಣಿನ ದಾರಿ. ಹಳ್ಳದಲ್ಲಿ ಹೋದ ವಾರದ ಮಳೆ ನೀರು ಇನ್ನೂ ಹರಿಯುತ್ತಿತ್ತು, ಮಂಡಿ ಮಟ್ಟ. ಬಟ್ಟೆ ಒಗೆಯುತ್ತಿದ್ದವರು ಕೈ ಬೀಸಿ ಬೇಡ ಬೇಡ ಅಂದರು. ಇಳಿದು ಕೋಲು ಹಾಕಿ ನೋಡಿದೆ. ಕೆಳಗೆ ಮರಳು, ಗಟ್ಟಿ ಇತ್ತು. ಫೋರ್ ವ್ಹೀಲಿನ ಸಣ್ಣ ಕಡ್ಡಿ ಎರಡೂ ಹಾಕಿದೆ. ಉಸಿರು ಹಿಡಿದು, ರೈಟ್ ಅಂದೆ. ಗುರ್ ಅಂತ ನೀರಿಗೆ ಇಳಿಯಿತು. ನಡುವೆ ಒಮ್ಮೆ ಹಿಂದಿನ ಚಕ್ರ ಜಾರಿತು, ನನ್ನ ಜೀವವೂ ಜಾರಿತು. ಮುಂದಿನ ಚಕ್ರ ಎಳೆಯಿತು ನೋಡಿ! ಆಚೆ ದಡ ಹತ್ತಿದಾಗ ಬಟ್ಟೆ ಒಗೆಯುವವರು ಚಪ್ಪಾಳೆ ಹೊಡೆದರು. ಮುದುಕಿ ಗಟ್ಟಿ ಇದೆ.

ಅಜ್ಜಮ್ಮಕ್ಕನ ಮನೆ ಬಾಗಿಲಲ್ಲೇ ನಿಲ್ಲಿಸಿದೆ. ಹಾರ್ನ್ ಹೊಡೆಯಲು ಧೈರ್ಯ ಬರಲಿಲ್ಲ. ಸದ್ದಿಗೇ ಎಲ್ಲರೂ ಹೊರಗೆ ಬಂದರು. ಇವಳು ಕಟ್ಟೆ ಮೇಲೆ ಈರುಳ್ಳಿ ಆರಿಸುತ್ತಾ ಕೂತಿದ್ದಳು. ಎದ್ದು ಬಂದಳು. ನನ್ನನ್ನು ನೋಡಲಿಲ್ಲ. ಒದ್ದೆಯಾದ ಚಕ್ರ ನೋಡಿದಳು, ಹಳ್ಳದ ಕಡೆ ನೋಡಿದಳು. ಆಮೇಲೆ ಕೆಂಪು ಸೀಟು ನೋಡಿದಳು. ಎರಡು ಸಲ ಸೋಪು ಹಾಕಿ ತೊಳೆದಿದ್ದೆ, ಆದರೂ ಮೂಗು ಹತ್ತಿರ ಇಟ್ಟು ಮೆಣಸಿನಕಾಯಿ ಘಾಟು ಇದೆಯಾ ಅಂತ ನೋಡಿದಳು. ಸೆರಗಿನಿಂದ ಒರೆಸಿ, ಹತ್ತಿ ಕೂತಳು.

ಅಜ್ಜಮ್ಮಕ್ಕ ಊಟಕ್ಕೆ ಎದ್ದೇಳಿ ಅಂದಳು. ಇವಳು ಅಲ್ಲಾಡಲಿಲ್ಲ.

"ಅವರಿಗೆ ಉಣ್ಣಾಕೆ ಹಾಕಕ್ಕ. ನಂಗೆ ಇಲ್ಲಿಗೇ ತಂದುಕೊಡು. ನಾನು ಸೀಟು ಬಿಡಾಂಗಿಲ್ಲ."

ನಾನು ಒಳಗೆ ಉಂಡೆ. ಅವಳು ಜೀಪಿನಲ್ಲಿ ಉಂಡಳು. ಚಹಾ ಅಲ್ಲೇ. ಮಗುವನ್ನು ಅಲ್ಲಿಗೇ ತರಿಸಿಕೊಂಡು ಸೊಂಟಕ್ಕೆ ಉಡಿದಾರ ಕಟ್ಟಿದ್ದೂ ಅಲ್ಲೇ. ಊರಿನ ಹೆಂಗಸರೆಲ್ಲ ಜೀಪಿನ ಸುತ್ತ. ತಿಪ್ಪೇಸ್ವಾಮಿ ಜಾತ್ರೆ ನೆನಪಾಗುವಷ್ಟು ಜನ ಅಂತ ಯಾರೋ ಅಂದರು. ಅವಳ ಮುಖದಲ್ಲಿ ನಗು ಇತ್ತು, ಆದರೆ ನನ್ನ ಕಡೆ ಅಲ್ಲ.

ವಾಪಸ್ ಹೊರಟಾಗ ಮೂರು ಗಂಟೆ. ಹಬ್ಬದ ಹಿಂದಿನ ದಿನ. ಬಸ್ಸುಗಳೆಲ್ಲ ತುಂಬಿ ನಿಲ್ಲಿಸದೆ ಹೋಗುತ್ತಿವೆ. ರಸ್ತೆಯುದ್ದಕ್ಕೂ ಜನ, ಕೈಗಳೇ ಕೈಗಳು. ರಸ್ತೆ ನೋಡಿದೆ. ಬರೀ ರಸ್ತೆ ನೋಡಿದೆ. ಬಿಳಿಚೋಡಿನಲ್ಲಿ ನನ್ನ ಹೆಸರು ಹಿಡಿದೇ ಕೂಗಿದರು, ಮರುಳಣ್ಣಾ ಅಂತ. ನಿಲ್ಲಿಸಲಿಲ್ಲ. ದಾವಣಗೆರೆಯೂ ದಾಟಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ ಅಂತ ಮಾತ್ರ ಗೊತ್ತಾಗುತ್ತಿತ್ತು.

"ಅಳ್ತಾ ಇದ್ದೀರಾ?" ಅಂತ ಕೇಳಿದಳು.

ಧೂಳು ಅಂದೆ.

ಸಂತೇಬೆನ್ನೂರು ಇನ್ನೂ ಮುಂದಿತ್ತು. ಹೊತ್ತು ಇಳಿಯುತ್ತಿತ್ತು. ರಸ್ತೆ ಪಕ್ಕ ಒಬ್ಬಳು ಹೆಂಗಸು, ಕಂಕುಳಲ್ಲಿ ಕೂಸು, ಕಾಲ ಬಳಿ ಹಬ್ಬದ ಸಾಮಾನಿನ ಚೀಲ. ಕೈ ಎತ್ತಿದಳು. ನಾನು ರಸ್ತೆ ನೋಡಿದೆ. ದಾಟಿಯೇ ಬಿಟ್ಟೆ.

ಧಬ್ ಅಂತ ಜೀಪಿನ ಪಕ್ಕಕ್ಕೆ ಅಂಗೈ ಬಡಿದ ಸದ್ದು.

"ಹೋಲ್ಡಾನ್!"

ನನ್ನ ಹೆಂಡತಿ! ಬ್ರೇಕು ಒತ್ತಿದೆ. ನಾನು ಬಾಯಿ ಬಿಡುವ ಮೊದಲೇ ಅವಳು ಸೀಟಿನಿಂದ ಒಂದಿಂಚೂ ಅಲುಗದೆ ಕತ್ತು ಹೊರಳಿಸಿ ಕರೆಯುತ್ತಿದ್ದಳು. "ಬಾರವ್ವ, ಹಿಂದೆ ಹತ್ತು. ಕೂಸಿನ ಕಾಲು ಒಳಗೆ ತಗಾ." ಹೆಂಗಸು ಓಡಿಬಂದು ಹತ್ತಿದಳು. ಅವಳ ಹಿಂದೆ ಇನ್ನಿಬ್ಬರು ಕಾಲೇಜು ಹುಡುಗಿಯರು. ಸರಿದು ಕೂತ್ಕೊಳ್ಳಿ, ಜಾಗ ಇದೆ ಅಂದಳು ಇವಳು. ಕೊನೆಗೆ ಒಬ್ಬ ಭಾರೀ ಆಸಾಮಿ ಬಂದು ಮುಂದಿನ ಸೀಟಿನ ಕಡೆ ಕಣ್ಣು ಹಾಕಿದ. ನಾನು ರಸ್ತೆ ನೋಡುತ್ತಾ ಅಂದೆ, ಅದು ನಮ್ಮ ಮನೆಯವರ ಸೀಟು, ಅದರಲ್ಲಿ ಅಡ್ಜಸ್ಟ್ ಇಲ್ಲ. ಅವನು ಹಿಂದೆ ಹೋದ.

ಸಿದ್ದಲಿಂಗಮ್ಮ ಕೊನೆಯ ಕಾಲು ಒಳಗೆ ಬರುವ ತನಕ ತಿರುಗಿ ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಮುಂದೆ ತಿರುಗಿದಳು.

"ರೈಟ್."

ಆ ಮಾತನ್ನು ಮೂವತ್ತೊಂದು ವರ್ಷ ನಾನು ಬೇರೆಯವರಿಗೆ ಹೇಳಿದ್ದೇನೆ. ನನಗೆ ಯಾರೂ ಹೇಳಿರಲಿಲ್ಲ. ಕ್ಲಚ್ಚಿನಿಂದ ಕಾಲು ತಾನಾಗಿ ಎದ್ದಿತು. ಜೀಪು ಕುಪ್ಪಳಿಸಲಿಲ್ಲ, ಆಫ್ ಆಗಲಿಲ್ಲ. ಬೆಣ್ಣೆಯ ಹಾಗೆ ಹೊರಟಿತು.


ಅಕ್ಟೋಬರ್ 20, ಸೋಮವಾರ

ನೀರು ತುಂಬಿದಳು. ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದಳು. ಅದರ ಕೊರಳಿಗೆ ಹಿಂಡ್ಲಿ ಕಾಯಿಯ ಬಳ್ಳಿ ಕಟ್ಟಿದಳು. ಒಂದು ಎಳೆ ತಗೊಂಡು ಹೋಗಿ ಜೀಪಿನ ಸ್ಟೀರಿಂಗಿಗೂ ಕಟ್ಟಿ ಬಂದಳು.


ಅಕ್ಟೋಬರ್ 23, ಗುರುವಾರ, ಬೆಳಿಗ್ಗೆ 7

ಸವಳಂಗಕ್ಕೆ ಹೊರಟಿದ್ದೇವೆ. ನಾಗೇಂದ್ರಪ್ಪನ ಮನೆಯಲ್ಲಿ ಹೋಳಿಗೆ ಊಟ. ಹಿಂದಿನ ಬೆಂಚು ಖಾಲಿ ಇದೆಯಲ್ಲ, ಅವನಿಗೆ ಕೊಡಲು ಒಂದು ಟೊಮೇಟೊ ಕ್ರೇಟ್ ಹಾಕಿಕೊಳ್ಳೋಣ ಅಂದೆ. ಬೇಡವಂತೆ. ಹೊನ್ನಾಳಿ ತನಕ ಜನ ಸಿಗುತ್ತಾರೆ, ಯಾರನ್ನು ಹತ್ತಿಸುವುದು, ಯಾರನ್ನು ಬಿಡುವುದು ಅಂತ ತಾನು ನೋಡಿಕೊಳ್ಳುತ್ತಾಳಂತೆ. ನೀವು ರಸ್ತೆ ನೋಡಿ ಸಾಕು ಅಂದಳು. ಇದನ್ನು ನಾಗೇಂದ್ರಪ್ಪನೇ ಹೇಳಿಕೊಟ್ಟಿರಬೇಕು.

ಗೋಡೆಯ ಮೊಳೆ ಖಾಲಿ. ವಿಶಲ್ ಎಲ್ಲಿ ಅಂತ ಹುಡುಕುತ್ತಿದ್ದೆ. ಈಗ ಗೊತ್ತಾಯಿತು, ಹೊರಗೆ ಜೀಪಿನಿಂದ ಒಂದು ಸಲ ಊದಿದ್ದು ಕೇಳಿಸಿತು. ಬಿಡು, ಬೂಟು ಹಾಕಿಕೊಳ್ಳಲು ಇನ್ನೂ ಟೈಮಿದೆ, ಒಂದು ವಿಶಲ್ಲಿಗೆ ಗಾಡಿ ಹೊರಡು— ಎರಡನೇದೂ ಊದಿದಳು. ಎರಡು ಅಂದರೆ—